ಮೋಟಾರ್ ಸೈಕಲ್ಲಿನ ಎಂಜಿನು ಕಾರನ್ನೇರಿದ ಕಥೆ

ಒಂದೇ ಕೋಣೆಯ ಬಿಡಾರದಲ್ಲಿ ಸಂಸಾರ ಹೂಡಿದ ನಮ್ಮವರಿಗೆ, ಕೈಗೆ ಸಿಕ್ಕಿದ್ದರಲ್ಲೇ ಕೆಲಸ ಸಾಗಿಸುವ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಊರಿನಿಂದ ತಂದ ಟ್ರಂಕೇ ಮೇಜು, ಕಿಟಕಿಯ ಕಟ್ಟೆಯೇ ಪುಸ್ತಕದ ಕಪಾಟು. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಇಂಗ್ಲೆಂಡಿನ ಕೆಲವರು ಇದೇ ವಿದ್ಯೆಯಿಂದ ರೇಸಿನ ಕಾರುಗಳನ್ನು ಕಟ್ಟಿಕೊಂಡರು. ಆ ಕಾರುಗಳಿಗೆ ಅವರು ಆರಿಸಿದ ಎಂಜಿನುಗಳ ಕಥೆಯನ್ನು ನಾವಿಲ್ಲಿ ಹೇಳಹೊರಟಿದ್ದೇವೆ.

1946ರಲ್ಲಿ ಆ ದೇಶದಲ್ಲಿ ಪೆಟ್ರೋಲಿಗೆ ರೇಷನ್ ಇತ್ತು. ಅದು ಹೋದದ್ದು 1950ರ ಮೇ ತಿಂಗಳಲ್ಲಿ. ಕಾರಿನ ರೇಸು ಅದುವರೆಗೆ ಸಿರಿವಂತರ ಆಟ. ಸಾಮಾನ್ಯರೂ ಆಡಲೆಂದು ಬ್ರಿಸ್ಟಲ್ ಕಡೆಯ ಉತ್ಸಾಹಿಗಳು ಒಂದು ಕಟ್ಟಳೆ ಮಾಡಿದರು: ಎಂಜಿನು 500 ಸಿ.ಸಿ. ಮೀರಕೂಡದು. ಈ ಅಳತೆಯನ್ನು ಅವರು ಸುಮ್ಮನೆ ಹೇಳಿದ್ದಲ್ಲ. ಅರ್ಧ ಲೀಟರಿನ ಮೋಟಾರ್ ಸೈಕಲ್ ಎಂಜಿನುಗಳು ಅಲ್ಲಿ ಬೇಕಾದಷ್ಟು ದೊರೆಯುತ್ತಿದ್ದವು. ಹಗುರ ಬೇರೆ. ಗಾಳಿಯಿಂದಲೇ ತಣಿಯುವ ಎಂಜಿನಿಗೆ ರೇಡಿಯೇಟರಿನ ಭಾರವೂ ಇಲ್ಲ, ನೀರಿನ ಭಾರವೂ ಇಲ್ಲ.

ಲಂಡನ್ನಿನ ಪಕ್ಕದ ಸರ್ಬಿಟನ್ನಿನಲ್ಲಿ ಚಾರ್ಲ್ಸ್ ಕೂಪರ್ ಎಂಬವರ ಗ್ಯಾರೇಜಿತ್ತು. ಅವರೂ ಮಗ ಜಾನ್ ಕೂಪರರೂ ಫಿಯೆಟ್ ಟೊಪೊಲಿನೊ ಎಂಬ ಪುಟ್ಟ ಕಾರುಗಳ ಮುಂಭಾಗಗಳನ್ನು ಎರಡು ತಂದು, ಬೆನ್ನಿಗೆ ಬೆನ್ನು ಕೊಟ್ಟು ಬೆಸೆದರು. (ಟೊಪೊಲಿನೊ ಎಂದರೆ ಇಟಲಿಯ ಭಾಷೆಯಲ್ಲಿ ಪುಟ್ಟ ಇಲಿ.) ನಾಲ್ಕು ಗಾಲಿಗಳೂ ಒಂದಕ್ಕೊಂದು ಅಂಟಿಕೊಳ್ಳದೆ ತಮ್ಮಷ್ಟಕ್ಕೆ ತಾವು ಏಳುವ ಬೀಳುವ ಅನುಕೂಲ ಹೀಗೆ ಅಗ್ಗವಾಗಿ ಒದಗಿತು. ಇನ್ನು ಬೇಕಾದದ್ದು ಎಂಜಿನು.

ಅವರು ಆರಿಸಿದ್ದು ಜ್ಯಾಪ್. ಜಾನ್ ಆಲ್ಫ್ರೆಡ್ ಪ್ರೆಸ್ಟ್‌ವಿಚ್ ಎಂಬವರ ಹೆಸರಿನ ಮೊದಲಕ್ಷರಗಳನ್ನು ಹೊತ್ತ ಎಂಜಿನಿದು. ಉತ್ತರ ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲಿ ತಯಾರಾಗುತ್ತಿತ್ತು. ಒಂದೇ ಸಿಲಿಂಡರು. ಸ್ಪೀಡ್‌ವೇ ಎಂಬ, ಬೂದಿಮಣ್ಣಿನ ಕಣದ ಬೈಕ್ ರೇಸಿಗೆಂದೇ ಹುಟ್ಟಿದ್ದು. ಆ ರೇಸು ನಾಲ್ಕೇ ಸುತ್ತು, ಒಂದು ನಿಮಿಷಕ್ಕೆ ತುಸು ಹೆಚ್ಚು, ಅಷ್ಟೆ. ಮುಂದೆ 1960ರ ದಶಕದಲ್ಲಿ ಜ್ಯಾಪನ್ನು ಆ ಕಣದಿಂದ ಹೊರಗೆ ಹಾಕಿದ್ದು ಚೆಕೊಸ್ಲೊವಾಕಿಯಾದ ಎಸೊ. 1964ರಲ್ಲಿ ಎಸೊ ಸೇರಿಹೋದದ್ದು ಜಾವಾ ಕಂಪನಿಯಲ್ಲಿ. ಹೌದು, ಯಾವ ಕಂಪನಿಯ ಬೈಕುಗಳನ್ನು ನಮ್ಮ ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ತಯಾರಿಸತೊಡಗಿದರೋ ಅದೇ ಜಾವಾ!

ಎಂಜಿನನ್ನು ಎಲ್ಲಿ ಕೂರಿಸುವುದು? ಮೋಟಾರ್ ಸೈಕಲ್ಲಿನಲ್ಲಿ ಎಂಜಿನಿನಿಂದ ಗೇರ್‌ಬಾಕ್ಸಿಗೆ ಒಂದು ಚೈನು, ಅಲ್ಲಿಂದ ಹಿಂದಿನ ಗಾಲಿಗೆ ಇನ್ನೊಂದು. ಆಗಿನ ರೂಢಿಯಂತೆ ಎಂಜಿನನ್ನು ಕಾರಿನ ಮೂತಿಯಲ್ಲಿಟ್ಟರೆ ಚೈನು ಚಾಲಕನ ಕೆಳಗೆ ಹಾದುಹೋಗಬೇಕು. ಅದಕ್ಕಿಂತ ಎಂಜಿನನ್ನೇ ಅವನ ಬೆನ್ನ ಹಿಂದಿಟ್ಟರೆ ತಾಪತ್ರಯವಿಲ್ಲ. ಯುದ್ಧಕ್ಕೆ ಮುಂಚೆ ಜರ್ಮನಿಯ ಆಟೊ ಯೂನಿಯನ್ ರೇಸ್ ಕಾರುಗಳಲ್ಲೂ ಎಂಜಿನು ಹಿಂದಿತ್ತು. ಆದರೆ ಅಲ್ಲಿದ್ದುದು ಮಹಾ ಪಂಡಿತರ ಲೆಕ್ಕಾಚಾರ. ಇಲ್ಲಿದ್ದುದು ಚೈನಿನ ಉದ್ದ!

ಕೂಪರರು ಇಂಥ ಕಾರುಗಳನ್ನು ಮಾರಾಟಕ್ಕೂ ಕಟ್ಟತೊಡಗಿದರು. 1948ರಲ್ಲಿ ಒಂದನ್ನು ಕೊಂಡವನು ಹದಿನೆಂಟರ ಹುಡುಗ, ಸ್ಟರ್ಲಿಂಗ್ ಮಾಸ್. ಗುಡ್ಡವೇರುವ ಪಂದ್ಯಗಳಲ್ಲೂ ಚಿಕ್ಕ ರೇಸುಗಳಲ್ಲೂ ಜ್ಯಾಪ್ ಎಂಜಿನಿನಿಂದಲೇ ಆತ ಹೆಸರು ಮಾಡಿದ. 1950ರಲ್ಲಿ ಈ ವರ್ಗಕ್ಕೆ ಫಾರ್ಮುಲಾ ತ್ರೀ ಎಂಬ ಅಂತರರಾಷ್ಟ್ರೀಯ ಮಾನ್ಯತೆಯೂ ದೊರೆಯಿತು.

ಅಲ್ಲಿಂದ ಮುಂದೆ ಅಗ್ಗದ ಆಟ ಅಗ್ಗವಾಗಿ ಉಳಿಯಲಿಲ್ಲ. ನಿಮಿಷದ ಓಟಕ್ಕೆ ಹುಟ್ಟಿದ ಜ್ಯಾಪ್ ದೀರ್ಘ ರೇಸುಗಳಲ್ಲಿ ಏದುಸಿರು ಬಿಡುತ್ತಿತ್ತು. ನಾರ್ಟನ್ ಕಂಪನಿಯ ಮ್ಯಾಂಕ್ಸ್ ಬೈಕಿನ ಎಂಜಿನಿನ ಧಾತುವೇ ಬೇರೆ. ಮ್ಯಾನ್ ದ್ವೀಪದ ಸೀನಿಯರ್ ಟಿ.ಟಿ. ರೇಸಿನಲ್ಲಿ ಏಳು ಸುತ್ತು, ಅಂದರೆ 264 ಮೈಲಿ, ಉಸಿರು ಹಿಡಿದು ಓಡಲೆಂದು ರೂಪುಗೊಂಡದ್ದು. ವಾಲ್ವುಗಳನ್ನು ಆಡಿಸಲು ಸಿಲಿಂಡರಿನ ತಲೆಯ ಮೇಲೇ ಎರಡು ಕ್ಯಾಮ್ ಷಾಫ್ಟುಗಳು. ಗೆಲ್ಲಬೇಕೆನ್ನುವವರೆಲ್ಲ ಅದರ ಬೆನ್ನು ಹತ್ತಿದರು. ಆದರೆ ಕಾರು ಕಟ್ಟುವವರಿಗೆ ಬರಿಯ ಎಂಜಿನನ್ನು ಮಾರಲು ನಾರ್ಟನ್ ಒಪ್ಪಲಿಲ್ಲ. ಸರಿ, ಇಡೀ ಬೈಕನ್ನೇ ಕೊಂಡು, ಎಂಜಿನನ್ನು ಬಿಚ್ಚಿಕೊಂಡು, ಉಳಿದದ್ದನ್ನು ಮಾರಿಬಿಡುವುದು! ಹಾಗೆ ಉಳಿದ ಒಳ್ಳೊಳ್ಳೆಯ ಫ್ರೇಮುಗಳಿಗೆ ಬೈಕಿನ ಹುಚ್ಚಿನ ಹುಡುಗರು ಟ್ರಯಂಫ್ ಎಂಜಿನು ತೊಡಿಸಿ ಟ್ರೈಟನ್ ಎಂದು ಹೆಸರಿಟ್ಟರು. ಹಸುವಿನ ಹಾಲು ಒಬ್ಬನಿಗೆ, ಸಗಣಿ ಇನ್ನೊಬ್ಬನಿಗೆ ಎನ್ನೋಣವೆಂದರೆ, ಟ್ರೈಟನ್ ಪ್ರಿಯರು ಒಪ್ಪಲಾರರು. ಅವರ ದೃಷ್ಟಿಯಲ್ಲಿ ಹಾಲು ಸಿಕ್ಕಿದ್ದು ಅವರಿಗೇ.

ಎಂಜಿನಿಗಾಗಿ ಇಡೀ ಬೈಕನ್ನು ಕೊಳ್ಳಬಲ್ಲವನು ಮುಂದೆ, ಜ್ಯಾಪ್ ಮಾತ್ರ ಕೈಗೆಟಕುವವನು ಹಿಂದೆ ಎಂದಾಯಿತು. ಬಡವರಿಗೆಂದು ಹಾಕಿದ ಪಂಕ್ತಿಯಲ್ಲಿ ಮತ್ತೆ ಉಳ್ಳವರೇ ಮೊದಲ ಎಲೆಗೆ ಕುಳಿತದ್ದು ನಮಗಂತೂ ಖೇದದ ಸಂಗತಿ. 1959ರಲ್ಲಿ ಫಾರ್ಮುಲಾ ಜೂನಿಯರ್ ಎಂಬ ಹೊಸ ವರ್ಗ ಬಂದ ಮೇಲೆ 500 ಸಿ.ಸಿ. ಕಾರುಗಳು ಮೂಲೆ ಸೇರಿದವು.

ಚೈನಿನ ದೆಸೆಯಿಂದ ಹಿಂದಕ್ಕೆ ಸರಿದ ಎಂಜಿನು ಮಾತ್ರ ಮೂಲೆ ಸೇರಲಿಲ್ಲ. ಕೂಪರರು ದೊಡ್ಡ ಕಾರುಗಳನ್ನು ಕಟ್ಟುವಾಗಲೂ ಆ ರೂಢಿಯನ್ನು ಬಿಡಲಿಲ್ಲ. 1958ರಲ್ಲಿ ಅರ್ಜೆಂಟೀನಾದ ಗ್ರ್ಯಾಂಡ್ ಪ್ರಿಯನ್ನು ಮಾಸ್ ಗೆದ್ದದ್ದು ಅಂಥ ಕೂಪರಿನಲ್ಲಿ. 1959ರಲ್ಲೂ 1960ರಲ್ಲೂ ಜಾಕ್ ಬ್ರಾಬಮ್ ಕೂಪರ್ ಓಡಿಸಿಯೇ ವಿಶ್ವ ಚಾಂಪಿಯನ್ ಆದರು. ಮುಂದೆ ಎಂಜಿನಿಟ್ಟುಕೊಂಡ ಕಾರು ವಿಶ್ವ ಚಾಂಪಿಯನ್‌ಷಿಪ್ಪಿನ ಗ್ರ್ಯಾಂಡ್ ಪ್ರಿಯನ್ನು ಕೊನೆಯದಾಗಿ ಗೆದ್ದದ್ದು 1960ರಲ್ಲಿ, ಇಟಲಿಯ ಮಾಂಜಾದಲ್ಲಿ. ಅದು ಫೆರಾರಿ. ಕೂಪರ್ ಕಂಪನಿಯೂ ಸೇರಿ ಇಂಗ್ಲೆಂಡಿನ ದೊಡ್ಡ ತಂಡಗಳು ಅಂದಿನ ರೇಸನ್ನು ಬಹಿಷ್ಕರಿಸಿದ್ದವು.