ಮಾಂಜ್ರಾ ದಾಟಿದ ಮೇಲೆ ಮಿಸ್ಸಿಂಗ್

ನಮ್ಮಪ್ಪನ ಯೆಜ್ಡಿ ಔರಾದದಿಂದ ಬೀದರಕ್ಕೆ ಹೊರಟರೆ ಸಂತಪುರದ ತನಕ ಯಾವ ತಕರಾರೂ ಮಾಡುತ್ತಿರಲಿಲ್ಲ. ಕೌಠಾ ಬಂದು ಮಾಂಜ್ರಾ ನದಿಯ ಸೇತುವೆ ದಾಟಿತೋ ಇಲ್ಲವೋ, ಶುರು. ಮೊದಲು ಒಂದೊಂದು ಏಟು ತಪ್ಪೋದು. ಆಮೇಲೆ ಸೈಲೆನ್ಸರಿನಿಂದ ಫಟ್ ಅಂತ ಒಂದು ಸಪ್ಪಳ. ಜನವಾಡಾ ಬರೋದರೊಳಗೆ ಕೆಮ್ಮಿ ಕೆಮ್ಮಿ ನಿಂತೇ ಬಿಡೋದು. ಬೇವಿನ ಗಿಡದ ನೆರಳಿಗೆ ತಳ್ಳಿ ಅರ್ಧ ತಾಸು ಕೂತರೆ ಮತ್ತೆ ಒಂದೇ ಕಿಕ್ಕಿಗೆ ಚಾಲೂ.

ಅಪ್ಪ ಮೂರು ಕಡೆ ತೋರಿಸಿದರು. ಎಲ್ಲರೂ ಗಾಡಿ ಇಟ್ಟುಕೊಂಡು ಮರುದಿನ ಮುಂಜಾನೆ ಸ್ಟಾರ್ಟ್ ಮಾಡಿ ನೋಡುತ್ತಿದ್ದರು. ರಾತ್ರಿಯೆಲ್ಲ ತಣ್ಣಗೆ ಮಲಗಿದ್ದ ಗಾಡಿ ಗಡಿಯಾರದ ಹಾಗೆ ಓಡುತ್ತಿತ್ತು. ಮೂರನೆಯವನು ಹೇಳಿಯೇ ಬಿಟ್ಟನಂತೆ: "ಗಾಡಿ ಏಕದಂ ಬರೋಬರಿ ಅದ ಮಾಸ್ತರ್. ನಿಮಗೇ ಹಂಗ ಅನಸ್ಲಾಕತ್ತದ. ವಯಸ್ಸಾಯ್ತಲ್ಲ, ಮಾರಿಬಿಡ್ರಿ."

ನಲವತ್ತು ವರ್ಷ ಹುಡುಗರಿಗೆ ಗಣಿತ ಕಲಿಸಿದ ಮನುಷ್ಯನಿಗೆ 'ನಿಮಗೇ ಹಂಗ ಅನಸ್ತದ' ಅನ್ನುವ ಮಾತು ಎಲ್ಲಿ ಚುಚ್ಚಿತು ಅಂತ ನನಗೆ ಗೊತ್ತು. ಅವರು ಯಾರ ಹತ್ತಿರವೂ ವಾದ ಮಾಡಲಿಲ್ಲ. ಮನೆಗೆ ಬಂದು ಗುಜರಿಯವನಿಗೆ ಫೋನ್ ಹಚ್ಚಿದರು. ನಾನಾಗ ಬೆಂಗಳೂರಿನಿಂದ ಬಂದು ಊರಲ್ಲೇ ಕೂತು ಕೆಲಸ ಮಾಡುತ್ತಿದ್ದೆ. "ಒಂದು ವಾರ ತಡೀರಿ ಅಪ್ಪಾ" ಅಂದೆ. ಆ ಒಂದು ವಾರದಲ್ಲಿ ಓದಿದ್ದು, ಕೇಳಿದ್ದು, ನೋಡಿದ್ದು ಈ ಬರಹ.

ಈ ರೋಗ ಅಪ್ಪನ ಗಾಡಿಗೊಂದೇ ಬಂದದ್ದಲ್ಲ. ಅದರ ಚರಿತ್ರೆ ನೂರು ವರ್ಷಕ್ಕೂ ಹಳೆಯದು.

ಪೆಟ್ರೋಲ್ ಎಂಜಿನ್ನಿಗೆ ಸರಿಯಾದ ಹೊತ್ತಿಗೆ ಒಂದು ಕಿಡಿ ಬೇಕು. ಆ ಕಿಡಿಗೆ ಸಾವಿರಾರು ವೋಲ್ಟ್ ಬೇಕು. 1902ರಲ್ಲಿ ಜರ್ಮನಿಯ ಬಾಷ್ ಕಂಪನಿಯ ಗಾಟ್ಲೊಬ್ ಹೊನೋಲ್ಡ್ ಹೈ-ಟೆನ್ಷನ್ ಮ್ಯಾಗ್ನೆಟೋ ತಯಾರಿಸಿದ. ಅದಕ್ಕೆ ಬ್ಯಾಟರಿಯ ಹಂಗಿಲ್ಲ, ಅಯಸ್ಕಾಂತ ತಿರುಗಿದರೆ ಕಿಡಿ. 1910ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿಯಿಂದಲೇ ಕಿಡಿ ಹಾರಿಸುವ ಸರಳ ದಾರಿ ಹಾಕಿಕೊಟ್ಟ. ಮುಂದಿನ ಅರವತ್ತು ಎಪ್ಪತ್ತು ವರ್ಷ ಲೋಕದ ಬಹುಪಾಲು ಕಾರು, ಸಾಕಷ್ಟು ಮೋಟಾರ್ ಸೈಕಲ್ಲು ಆ ದಾರಿಯಲ್ಲೇ ಓಡಿದವು.

ಆ ಏರ್ಪಾಡು ಇಷ್ಟೇ. ಬ್ಯಾಟರಿಯ ಕರೆಂಟು ಕಾಯಿಲ್ ಒಳಗೆ ಹರಿಯುತ್ತಿರುತ್ತದೆ. ಪಿಸ್ಟನ್ ಮೇಲೆ ಬರುವ ಹೊತ್ತಿಗೆ 'ಪಾಯಿಂಟ್' ಅನ್ನುವ ಪುಟ್ಟ ಸ್ವಿಚ್ಚು ಬಾಯಿ ತೆರೆಯುತ್ತದೆ. ಕರೆಂಟು ಥಟ್ಟನೆ ಕಡಿದಾಗ ಕಾಯಿಲಿನ ಎರಡನೇ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಟೂ-ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಇದು ಸೆಕೆಂಡಿಗೆ 50 ಸಲ ನಡೆಯಬೇಕು. ಪಾಯಿಂಟ್ ತೆರೆದಾಗ ಕರೆಂಟು ಆ ಸಂದಿಯಲ್ಲೇ ಹಾರಿ ವ್ಯರ್ಥ ಆಗಬಾರದು ಅಂತ ಪಕ್ಕದಲ್ಲಿ ಬೆರಳ ತುದಿಯಷ್ಟು ದೊಡ್ಡ ಒಂದು ಡಬ್ಬಿ ಇಡುತ್ತಾರೆ. ಅದೇ ಕಂಡೆನ್ಸರ್. ಹಳೆಯ ಕಂಡೆನ್ಸರಿನ ಒಳಗೆ ಇದ್ದದ್ದು ಲೋಹದ ತೆಳು ಹಾಳೆ, ನಡುವೆ ಕಾಗದ, ಎರಡನ್ನೂ ಸೇರಿಸಿ ಎಲೆಬೀಡಿಯಂತೆ ಸುತ್ತಿದ ಸುರುಳಿ.

ಶಾಖದ ಆಟ ಇಲ್ಲಿಂದ ಶುರು. ಕಂಡೆನ್ಸರಿನ ಸುರುಳಿಯಲ್ಲಿ ಎಲ್ಲೋ ಒಂದು ಕಡೆ ದೋಷ ಇದ್ದರೆ ತಣ್ಣಗಿದ್ದಾಗ ತಡೆದುಕೊಳ್ಳುತ್ತದೆ, ಬಿಸಿಯಾದಾಗ ಕರೆಂಟು ಸೋರುತ್ತದೆ. ತಾಮ್ರದ ತಂತಿಯ ಪ್ರತಿರೋಧ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಶೇ. 0.4ರಷ್ಟು ಏರುತ್ತದೆ. ಕಾಯಿಲ್ 60 ಡಿಗ್ರಿ ಹೆಚ್ಚು ಕಾದರೆ ಕಾಲು ಭಾಗದಷ್ಟು ಹೆಚ್ಚಿನ ಅಡ್ಡಿ. ಅದರೊಳಗಿನ ತಂತಿ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಕಾದು ಹಿಗ್ಗಿದಾಗ ಸಂದು ಬಿಡುತ್ತದೆ, ಆರಿದಾಗ ಮತ್ತೆ ಕೂಡುತ್ತದೆ. ಗಾಡಿ ಆರಿದ ಕೂಡಲೇ ಸಾಕ್ಷಿಯೆಲ್ಲ ಮಾಯ.

ಈ ಏರ್ಪಾಡು ನಮ್ಮ ಬೀದರಕ್ಕೆ ಬಂದದ್ದು ಮೈಸೂರಿನಿಂದ. 1956ರ ನವೆಂಬರ್ 1ರ ತನಕ ಬೀದರ, ಭಾಲ್ಕಿ, ಔರಾದ ಎಲ್ಲ ಹೈದರಾಬಾದ್ ರಾಜ್ಯದಲ್ಲಿದ್ದವು. ಅಂದು ಮೈಸೂರು ರಾಜ್ಯಕ್ಕೆ ಸೇರಿದೆವು. ನಾವು ಮೇಲಿನ ತುದಿ, ಮೈಸೂರು ಕೆಳಗಿನ ತುದಿ. ನಾಲ್ಕೈದು ವರ್ಷದಲ್ಲೇ ಆ ಕೆಳಗಿನ ತುದಿಯ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು. ಹೊರದೇಶದ ಗಾಡಿಗಳ ಆಮದಿಗೆ ಸರಕಾರ ಕಡಿವಾಣ ಹಾಕಿದ್ದ ಕಾಲ ಅದು. ರುಸ್ತುಂ ಇರಾನಿ, ಫಾರೂಖ್ ಇರಾನಿ ಅನ್ನುವ ಪಾರ್ಸಿಗಳು ಚೆಕೊಸ್ಲೊವಾಕಿಯಾದ ಜಾವಾ ಜೊತೆ ಒಪ್ಪಂದ ಮಾಡಿಕೊಂಡು ಇಲ್ಲೇ ಗಾಡಿ ಕಟ್ಟಲು ಶುರು ಮಾಡಿದರು. 'ಜಾವಾ' ಹೆಸರಿಗೆ ಇಂಡೋನೇಷ್ಯಾದ ದ್ವೀಪದ ಸಂಬಂಧ ಏನೂ ಇಲ್ಲ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಅನ್ನುವವನು ವಾಂಡರರ್ ಕಂಪನಿಯ ಮೋಟಾರ್ ಸೈಕಲ್ಲಿನ ವಿನ್ಯಾಸ ಕೊಂಡು ಧಂಧೆ ಹೂಡಿದಾಗ, ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಮಾಡಿದ ಹೆಸರದು.

1973ರಲ್ಲಿ ನಮ್ಮ ರಾಜ್ಯದ ಹೆಸರು ಕರ್ನಾಟಕ ಆಯಿತು. ಅದೇ ವರ್ಷದಿಂದ ಮೈಸೂರಿನ ಗಾಡಿಯ ಹೆಸರೂ ಯೆಜ್ಡಿ ಆಯಿತು, ಇರಾನಿನ ಯಜ್ದ್ ಊರಿನ ನೆನಪಿಗೆ. ಹೆಸರು ಬದಲಾದರೂ ಒಳಗಿನ ಜೀವ ಅದೇ: 250 ಸಿಸಿಯ ಒಂದೇ ಸಿಲಿಂಡರು, ಅದಕ್ಕೆ ಎರಡು ಸೈಲೆನ್ಸರು, ಕಿಕ್ ಹೊಡೆಯುವ ಸಲಾಕೆಯೇ ಗೇರಿನ ಸಲಾಕೆ. ಬಲಗಡೆಯ ಮುಚ್ಚಳ ಬಿಚ್ಚಿದರೆ ಪಾಯಿಂಟು ಕಣ್ಣೆದುರೇ ಕಾಣುತ್ತದೆ. ಅದರ ಸಂದಿ 0.4 ಮಿಲಿಮೀಟರ್ ಇರಬೇಕು.

ಹಾಗೆ ತೆರೆದಿಟ್ಟ ಗಾಡಿ ಆಗಿದ್ದರಿಂದಲೇ ಬೀದರ, ಭಾಲ್ಕಿಯ ಓಣಿಗಳಲ್ಲಿ ಉಸ್ತಾದರು ಹುಟ್ಟಿಕೊಂಡರು. ಪುಸ್ತಕ ಓದಿ ಕಲಿತವರಲ್ಲ, ಹತ್ತು ಹನ್ನೆರಡನೇ ವಯಸ್ಸಿಗೆ ಪಾನಾ ಎತ್ತಿಕೊಡುವ ಚೋಟು ಆಗಿ ಸೇರಿ ಕೈ ಪಳಗಿಸಿಕೊಂಡವರು. ನಾನು ಭಾಲ್ಕಿಯಲ್ಲಿ ಬಿಇ ಓದುವಾಗ ಎಂಜಿನ್ ಬಗ್ಗೆ ಪರೀಕ್ಷೆಯಲ್ಲಿ ಚಿತ್ರ ಬರೆದು ಪಾಸಾದವನು. ಒಂದು ಪಾಯಿಂಟನ್ನು ಕೈಯಲ್ಲಿ ಮುಟ್ಟಿರಲಿಲ್ಲ.

ಅಪ್ಪನ ಹಳೆಯ ಗೆಳೆಯರೊಬ್ಬರು ಚೌಬಾರಾದ ಹತ್ತಿರದ ಓಣಿಯ ಒಬ್ಬ ಉಸ್ತಾದರ ಸುಳಿವು ಕೊಟ್ಟರು. ಎಪ್ಪತ್ತರ ಹತ್ತಿರದ ಮನುಷ್ಯ, ದಪ್ಪ ಚಷ್ಮಾ. ನಾವು ನಿಲ್ಲುತ್ತಾ ಆರಿಸುತ್ತಾ ಹೇಗೋ ಅಲ್ಲಿಗೆ ಹೋದೆವು. ಅವರು ಗಾಡಿ ಮುಟ್ಟಲೇ ಇಲ್ಲ. ಚಹಾ ತರಿಸಿ ಅಪ್ಪನ ಎದುರು ಸ್ಟೂಲ್ ಹಾಕಿಕೊಂಡು ಕೂತರು.

"ಎಷ್ಟು ದೂರಕ್ಕ ಬಿಡ್ತದ ಮಾಸ್ತರ್ ಸಾಬ್? ಒಮ್ಮೆಗೇ ಬಂದ್ ಆಗ್ತದೋ, ಮಿಸ್ ಹೊಡದು ಹೊಡದು ಆಗ್ತದೋ? ಆವಾಗ ಕಿಕ್ ಬಿಗಿ ಬರ್ತದೇನು?"

ಅಪ್ಪ ಒಂದೊಂದಕ್ಕೂ ಉತ್ತರ ಕೊಟ್ಟರು. ಕಿಕ್ ಬಿಗಿ ಬಂದರೆ ಪಿಸ್ಟನ್ ಹಿಡಿಯುತ್ತಿದೆ ಅಂತ ಅರ್ಥ, ಅದು ಬೇರೆ ರೋಗ ಅಂತ ನನಗೆ ಆಮೇಲೆ ತಿಳಿಯಿತು. ಕೊನೆಗೆ ಕೇಳಿದರು: "ಈ ತಕರಾರ್ ಶುರು ಆಗೋದಕ್ಕಿಂತ ಮೊದಲ ಏನೇನ್ ಬದ್ಲಿ ಮಾಡಿಸಿದ್ರಿ?"

"ಪಾಯಿಂಟು, ಕಂಡೆನ್ಸರ್, ಪ್ಲಗ್ಗು. ಎಲ್ಲಾ ಹೊಸಾದು ಹಾಕಿಸೀನಿ."

ಉಸ್ತಾದರು ನಕ್ಕರು. "ನಡೀರಿ, ಜನವಾಡಾ ತನಕ ಹೋಗಿ ಬರಮಿ. ಈಗ ಗಾಡಿ ಸುಳ್ಳ ಹೇಳ್ತದ. ಗರಂ ಆದ್ಮ್ಯಾಲ ಖರೇ ಹೇಳ್ತದ."

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಅವರು ಯೆಜ್ಡಿ ಮೇಲೆ, ನಾನು ಅವರ ಹುಡುಗನ ಸ್ಕೂಟರಿನಲ್ಲಿ ಹಿಂದೆ. ಜನವಾಡಾ ಮುಟ್ಟುವ ಮೊದಲೇ ಮಿಸ್ಸಿಂಗ್ ಶುರುವಾಯಿತು. ಅವರು ನಿಲ್ಲಿಸಿ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಕಿವಿಗೊಟ್ಟರು. ಮುಚ್ಚಳದಲ್ಲಿ ಗಾಳಿ ಹೋಗಲು ಒಂದು ಸಣ್ಣ ತೂತು ಇರುತ್ತದೆ. ಅದರಲ್ಲಿ ಧೂಳು ಕೂತರೆ ಟ್ಯಾಂಕಿನೊಳಗೆ ಗಾಳಿ ಹೋಗದೆ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ಅದೂ ಹತ್ತಿಪ್ಪತ್ತು ಕಿಲೋಮೀಟರ್ ಓಡಿದ ಮೇಲೆಯೇ ಕಾಣುತ್ತದೆ, ನಿಲ್ಲಿಸಿ ಕೂತರೆ ತಾನೇ ಸರಿಹೋಗುತ್ತದೆ. ಶಾಖಕ್ಕೂ ಅದಕ್ಕೂ ಸಂಬಂಧವಿಲ್ಲ. 'ಗರಂ ಆಗಿ ನಿಂತಿತು' ಅಂತ ಜನ ಎಂಜಿನ್ನನ್ನೇ ಬಿಚ್ಚಿಸುತ್ತಾರೆ. ನಮ್ಮದರಲ್ಲಿ ಸುಂಯ್ ಅನ್ನುವ ಶಬ್ದ ಬರಲಿಲ್ಲ. ಅದಲ್ಲ.

ಆಮೇಲೆ ಪ್ಲಗ್ಗು ಬಿಚ್ಚಿ ಬಣ್ಣ ನೋಡಿದರು. ಬೂದಿ ಬಿಳುಪಾಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಎಲ್ಲೋ ಗಾಳಿ ಸೇರುತ್ತಿದೆ. ಇದು ಕರ್ರಗೆ, ಹಸಿ ಇತ್ತು. ಅಂದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಜೇಬಿನಿಂದ ಇನ್ನೊಂದು ಪ್ಲಗ್ಗು ತೆಗೆದು ಸಿಕ್ಕಿಸಿ ಸಿಲಿಂಡರಿಗೆ ತಾಗಿಸಿ ಹಿಡಿದು ನನಗೆ ಕಿಕ್ ಹೊಡೆಯಲು ಹೇಳಿದರು. ಬಿಸಿಲಿಗೆ ತಮ್ಮ ಟವೆಲ್ಲು ಅಡ್ಡ ಹಿಡಿದು ನೋಡಿದೆವು. ಕಿಡಿ ನೀಲಿ ಇರಬೇಕಿತ್ತು. ಇದು ಸೊರಗಿದ ಹಳದಿ.

ಬಲಗಡೆಯ ಮುಚ್ಚಳ ಬಿಚ್ಚಿದರು. ಪ್ಲಗ್ಗಿನಲ್ಲಿ ಇರಬೇಕಾದ ಕಿಡಿ ಪಾಯಿಂಟಿನ ಸಂದಿಯಲ್ಲಿ ಚಿಟಚಿಟ ಹಾರುತ್ತಿತ್ತು. ಉಸ್ತಾದರು ಹೊಸ ಕಂಡೆನ್ಸರಿನ ತಂತಿ ಬಿಡಿಸಿ, ತಮ್ಮ ಡಬ್ಬಿಯಿಂದ ತುಕ್ಕು ಹಿಡಿದಂತೆ ಕಾಣುವ ಒಂದು ಹಳೆಯ ಕಂಡೆನ್ಸರ್ ತೆಗೆದು ತಾತ್ಕಾಲಿಕವಾಗಿ ತಂತಿ ಸುತ್ತಿದರು. ಆರಿಸಲು ಬಿಡದೆ, ಸುಡುವ ಎಂಜಿನ್ನಿಗೇ ಕಿಕ್ ಹೊಡೆದರು. ಎರಡೂ ಸೈಲೆನ್ಸರಿನಿಂದ ಆ ಹಳೆಯ ಸದ್ದು ಬಂತು. ಸೇತುವೆಯ ತನಕ ಓಡಿಸಿಕೊಂಡು ವಾಪಸ್ ಬಂದೆವು, ಒಂದು ಏಟೂ ತಪ್ಪಲಿಲ್ಲ.

ಹೊಸದು ಅಂತ ಹಾಕಿಸಿದ್ದೇ ರೋಗ. ಹೊಸದು ಅನ್ನುವ ಕಾರಣಕ್ಕೇ ಮೂವರೂ ಅದರ ಮೇಲೆ ಸಂಶಯ ಪಟ್ಟಿರಲಿಲ್ಲ. ಮೈಸೂರಿನ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಂದಿನಿಂದ ಈ ಗಾಡಿಗಳು ಬದುಕಿರುವುದು ಯಾರೋ ಎಲ್ಲೋ ಮಾಡಿದ, ಹೆಸರಿಲ್ಲದ ಸಾಮಾನಿನ ಮೇಲೆ. ಅದಕ್ಕೇ ಉಸ್ತಾದರು ಗುಜರಿಗೆ ಹೋದ ಗಾಡಿಗಳ ಕಂಡೆನ್ಸರ್ ಬಿಚ್ಚಿ ಕೂಡಿಡುತ್ತಾರೆ.

ಅವರ ಹುಡುಗ ಅದೇ ಅಂಗಡಿಯಲ್ಲಿ ಬೇರೆ ಗಾಡಿ ನೋಡುತ್ತಾನೆ. ಅವನ ಕಾಲದ ಚರಿತ್ರೆ ಬೇರೆ. 1985ರಲ್ಲಿ ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100 ಬಂದ ಮೇಲೆ ಜಪಾನಿನ ಜೊತೆಗಾರಿಕೆಯ ಗಾಡಿಗಳು ರಸ್ತೆ ತುಂಬಿದವು. ಪಾಯಿಂಟಿನ ಜಾಗಕ್ಕೆ ನಿಧಾನವಾಗಿ ಸಿಡಿಐ ಬಂತು. ಸವೆಯುವ ಪಾಯಿಂಟಿಲ್ಲ, ತಿಂಗಳು ತಿಂಗಳು ಸಂದಿ ನೋಡುವ ಕೆಲಸವಿಲ್ಲ. ಖರೇ ಹೇಳಬೇಕಂದರೆ ಅದು ಒಳ್ಳೆಯದೇ. ಆದರೆ ಶಾಖದ ರೋಗ ಹೋಗಲಿಲ್ಲ, ಅಂಟು ತುಂಬಿದ ಕಪ್ಪು ಡಬ್ಬಿಯ ಒಳಗೆ ಸೇರಿಕೊಂಡಿತು. ಬೆಸುಗೆ ಬಿರುಕು ಬಿಟ್ಟರೂ ಕಣ್ಣಿಗೆ ಕಾಣದು, ಡಬ್ಬಿಯನ್ನೇ ಬದಲಿಸಬೇಕು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದು ಹೆಚ್ಚಿನ ಗಾಡಿಗಳಿಗೆ ಇಂಜೆಕ್ಷನ್ ಬಂತು. ಈಗ ಎಂಜಿನ್ ಎಷ್ಟು ಕಾದಿದೆ ಅಂತ ಒಂದು ಸೆನ್ಸರು ಅಳೆದು ಇಸಿಯುಗೆ ಹೇಳುತ್ತದೆ. ಕಾದಿದ್ದರೂ 'ತಣ್ಣಗಿದೆ' ಅಂತ ಆ ಸೆನ್ಸರು ಸುಳ್ಳು ಹೇಳಿದರೆ ಇಸಿಯು ಬೇಡದ ಪೆಟ್ರೋಲ್ ಸುರಿಯುತ್ತದೆ, ಗಾಡಿ ಮತ್ತೆ ಕೆಮ್ಮುತ್ತದೆ. ಹುಡುಗ ಸ್ಕ್ಯಾನರ್ ಸಿಕ್ಕಿಸಿ ಕೋಡ್ ಓದುತ್ತಾನೆ. "ಕೋಡ್ ಬರ್ಲಿಲ್ಲಂದ್ರ?" ಅಂತ ಕೇಳಿದೆ. "ಅಬ್ಬಾಗೆ ಕರೀತೀನಿ" ಅಂದ.

ನನ್ನ ಕೆಲಸದಲ್ಲೂ ಇಂಥದ್ದು ಉಂಟು. ಕೆಲವು ವರ್ಷದ ಹಿಂದೆ ಒಬ್ಬ ಬಳಕೆದಾರರು ಸಂಜೆ ಹೊತ್ತು ನಮ್ಮ ಸಾಫ್ಟ್‌ವೇರ್ ನಿಂತುಹೋಗುತ್ತದೆ ಅಂತ ಮೂರು ಸಲ ದೂರು ಬರೆದಿದ್ದರು. ನಾನು ಬೆಳಿಗ್ಗೆ, ಯಾರೂ ಬಳಸದ ಹೊತ್ತಿನಲ್ಲಿ ಓಡಿಸಿ ನೋಡಿದೆ. ಸರಿಯಾಗಿಯೇ ಇತ್ತು. 'ಇಲ್ಲಿ ಆ ತೊಂದರೆ ಕಾಣುತ್ತಿಲ್ಲ' ಅಂತ ಬರೆದು ಮೂರು ಸಲವೂ ದೂರು ಮುಚ್ಚಿದೆ. ನಾಲ್ಕನೇ ಸಲ ಅವರು ಬರೆಯಲಿಲ್ಲ. ತೊಂದರೆ ಬಗೆಹರಿದಿರಬೇಕು ಅಂದುಕೊಂಡಿದ್ದೆ. ಜನವಾಡಾ ರಸ್ತೆಯಲ್ಲಿ ಟವೆಲ್ಲಿನ ನೆರಳಲ್ಲಿ ಆ ಹಳದಿ ಕಿಡಿ ನೋಡುವಾಗ ಅವರ ನೆನಪಾಯಿತು.

ಉಸ್ತಾದರು ತಗೊಂಡದ್ದು ನೂರೈವತ್ತು ರೂಪಾಯಿ. ಹೊರಡುವಾಗ ಅಪ್ಪನ ಕೈ ಹಿಡಿದು, "ನೀವ್ ಹೇಳಿದ್ದೆಲ್ಲಾ ಬರೋಬರಿ ಇತ್ತು ಮಾಸ್ತರ್ ಸಾಬ್, ಅರ್ಧಾ ಕೆಲಸ ನೀವೇ ಮಾಡೀರಿ" ಅಂದರು. ಅಪ್ಪ ಏನೂ ಮಾತಾಡಲಿಲ್ಲ. ಔರಾದದ ದಾರಿಯಲ್ಲಿ ನನ್ನನ್ನು ಹಿಂದೆ ಕೂರಿಸಿಕೊಂಡು ತಾವೇ ಓಡಿಸಿದರು. ಜನವಾಡಾ ದಾಟಿತು, ಸೇತುವೆ ದಾಟಿತು, ಸಂತಪುರವೂ ಬಂತು. ಅಲ್ಲಿ ಚಹಾದಂಗಡಿ ಮುಂದೆ ನಿಲ್ಲಿಸಿ, ಗಾಡಿ ಬಂದ್ ಮಾಡದೆ ಹಾಗೇ ಬಿಟ್ಟು, ಗುಜರಿಯವನಿಗೆ ಫೋನ್ ಹಚ್ಚಿ ಬರಬೇಡ ಅಂದರು.