ನರ್ಸಿಂಗ್‌ನಲ್ಲಿ ಡಿಎನ್‌ಪಿ ಮಾಡಿದರೆ ಡಾಕ್ಟರ್ ಆಗುತ್ತಾರೆಯೇ? ಹಣ ಕಟ್ಟುವ ಮುನ್ನ ತಿಳಿಯಬೇಕಾದದ್ದು

ನರ್ಸಿಂಗ್ ಓದಿದವರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬರುವ ಜಾಹೀರಾತುಗಳ ಧಾಟಿ ಸಾಮಾನ್ಯವಾಗಿ ಒಂದೇ. ಕೆಲಸ ಬಿಡದೆ ಮನೆಯಲ್ಲೇ ಕುಳಿತು ಡಿಎನ್‌ಪಿ ಮಾಡಿ, ಹೆಸರಿನ ಮುಂದೆ 'ಡಾ.' ಹಾಕಿಕೊಳ್ಳಿ, ಸ್ವಂತ ಕ್ಲಿನಿಕ್ ತೆರೆಯಿರಿ, ಅಮೆರಿಕಕ್ಕೆ ಹೋಗಿ.

ಸಂಪಗಾಂವ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಬೆಳಗಾವಿ, ಧಾರವಾಡದ ಆಸ್ಪತ್ರೆಗಳಿಗೆ ಕೆಲಸಕ್ಕೆ ಹೋಗುವವರ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಬಂಗಾರ ಒತ್ತೆ ಇಟ್ಟು ಮಗಳನ್ನು ಓದಿಸಿದ ತಂದೆ-ತಾಯಿ, ಇದಕ್ಕಾಗಿ ಇನ್ನೊಂದು ಸಾಲ ಮಾಡಬೇಕೇ?

ಚುಟುಕು ಉತ್ತರ

- ಡಿಎನ್‌ಪಿ ಸುಳ್ಳು ಪದವಿಯಲ್ಲ. ಅಮೆರಿಕದಲ್ಲಿ ಅದಕ್ಕೆ ಮಾನ್ಯತೆ ಇದೆ.
- ಅದನ್ನು ಪಡೆದವರು ನರ್ಸ್ ಆಗಿಯೇ ಇರುತ್ತಾರೆ, ಎಂಬಿಬಿಎಸ್ ವೈದ್ಯರಾಗುವುದಿಲ್ಲ.
- ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನ್ಯ ಕೋರ್ಸ್‌ಗಳ ಸಾಲಿನಲ್ಲಿ ಡಿಎನ್‌ಪಿ ಇಲ್ಲ.

ಡಿಎನ್‌ಪಿ ಎಂದರೇನು?

ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್ ಎಂಬುದರ ಚಿಕ್ಕ ರೂಪ ಡಿಎನ್‌ಪಿ. ರೋಗಿಯ ಪಕ್ಕದಲ್ಲಿ ನಡೆಯುವ ಕೆಲಸವನ್ನೇ ಕೇಂದ್ರವಾಗಿ ಇಟ್ಟುಕೊಂಡ ಡಾಕ್ಟರೇಟ್ ಇದು.

ಇದರ ಹಿನ್ನೆಲೆ ಹಳೆಯದು. 1965ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಮೊದಲ 'ನರ್ಸ್ ಪ್ರಾಕ್ಟೀಷನರ್' ತರಬೇತಿ ಶುರು ಮಾಡಿದರು. ಮುಂದೆ 2004ರಲ್ಲಿ ಅಲ್ಲಿನ ನರ್ಸಿಂಗ್ ಕಾಲೇಜುಗಳ ಸಂಘ, ಇಂಥ ಉನ್ನತ ಹೊಣೆ ಹೊರುವ ನರ್ಸ್‌ಗಳ ಶಿಕ್ಷಣವನ್ನು 2015ರೊಳಗೆ ಡಾಕ್ಟರೇಟ್ ಮಟ್ಟಕ್ಕೆ ಏರಿಸಬೇಕು ಎಂದು ನಿರ್ಧರಿಸಿತು. ಆ ಗುರಿ ಪೂರ್ತಿ ಈಡೇರಲಿಲ್ಲ. ಇಂದಿಗೂ ಅಲ್ಲಿ ಸ್ನಾತಕೋತ್ತರ ಪದವಿಯಿಂದಲೇ ನರ್ಸ್ ಪ್ರಾಕ್ಟೀಷನರ್ ಆಗುವವರಿದ್ದಾರೆ. ಅರಿವಳಿಕೆ ನರ್ಸ್ ಆಗುವವರಿಗೆ ಮಾತ್ರ 2022ರಿಂದ ಡಾಕ್ಟರೇಟ್ ಕೋರ್ಸ್‌ಗೇ ಸೇರಬೇಕೆಂಬ ನಿಯಮವಿದೆ.

ಪಿಎಚ್.ಡಿ.ಗೂ ಇದಕ್ಕೂ ಏನು ವ್ಯತ್ಯಾಸ?

ಇದಕ್ಕೆ ನಮ್ಮ ಬೆಳಗಾವಿ ಜಿಲ್ಲೆಯದೇ ಒಂದು ಉದಾಹರಣೆ ಇದೆ.

ಹೆರಿಗೆಯಾದ ಮೇಲೆ ವಿಪರೀತ ರಕ್ತ ಹೋಗಿ ಬಾಣಂತಿಯರು ಸಾಯುವುದನ್ನು ತಡೆಯಲು ಆಕ್ಸಿಟೋಸಿನ್ ಚುಚ್ಚುಮದ್ದು ಇದೆ. ಆದರೆ ಅದನ್ನು ತಂಪಿನಲ್ಲಿ ಇಡಬೇಕು. ಹಳ್ಳಿಯ ಹೆರಿಗೆಗೆ ಮಿಸೊಪ್ರೊಸ್ಟಾಲ್ ಮಾತ್ರೆ ಸಾಕಾಗಬಹುದೇ? ಬೆಳಗಾವಿ ಜಿಲ್ಲೆಯ ಗ್ರಾಮೀಣ ಭಾಗದಲ್ಲಿ 1,620 ಮಹಿಳೆಯರ ಮೇಲೆ ಈ ಅಧ್ಯಯನ ನಡೆಯಿತು. ಹೆರಿಗೆ ಮಾಡಿಸಿ ಮಾತ್ರೆ ಕೊಟ್ಟವರು ಊರಿನವರು 'ನರ್ಸಬಾಯಿ' ಎಂದು ಕರೆಯುವ ಎಎನ್‌ಎಂಗಳು. ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಶೇ 12ರಷ್ಟು ಮಂದಿಗೆ ಅತಿ ರಕ್ತಸ್ರಾವವಾದರೆ, ಮಿಸೊಪ್ರೊಸ್ಟಾಲ್ ಪಡೆದವರಲ್ಲಿ ಅದು ಶೇ 6.4ಕ್ಕೆ ಇಳಿಯಿತು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. (ಹೆರಿಗೆಗೆ ಮುಂಚೆ ಇದನ್ನು ತಾವಾಗಿ ನುಂಗುವುದು ತಾಯಿ-ಮಗು ಇಬ್ಬರಿಗೂ ಅಪಾಯ.)

'ಮಾತ್ರೆ ಕೆಲಸ ಮಾಡುತ್ತದೆಯೇ?' ಎಂಬ ಪ್ರಶ್ನೆಗೆ ಹೊಸದಾಗಿ ಉತ್ತರ ಹುಡುಕುವುದು ಸಂಶೋಧನೆ. ಪಿಎಚ್.ಡಿ.ಯಲ್ಲಿ ಕಲಿಸುವುದು ಇಂಥ ಕೆಲಸವನ್ನು. ಉತ್ತರ ಸಿಕ್ಕಿದ ಮೇಲೂ ಪ್ರಶ್ನೆಗಳು ಮುಗಿಯುವುದಿಲ್ಲ. ಪ್ರತಿ ಉಪಕೇಂದ್ರದಲ್ಲಿ ಮಾತ್ರೆ ಇದೆಯೇ? ಯಾವಾಗ ಕೊಡಬೇಕೆಂದು ಎಲ್ಲ ಸಿಬ್ಬಂದಿಗೆ ಗೊತ್ತೇ? ರಕ್ತ ನಿಲ್ಲದಿದ್ದರೆ ಯಾರಿಗೆ ಫೋನ್ ಮಾಡಬೇಕು? ಗೊತ್ತಿರುವ ಒಳ್ಳೆಯ ಪದ್ಧತಿಯನ್ನು ದಿನನಿತ್ಯದ ರೂಢಿಯಾಗಿಸುವ ಈ ಕೆಲಸವೇ ಡಿಎನ್‌ಪಿಯ ಕ್ಷೇತ್ರ. ಅದರ ಕೊನೆಗೆ ವಿದ್ಯಾರ್ಥಿ ಮಾಡುವ ಯೋಜನೆಯೂ ಇಂಥದ್ದೇ ಆಗಿರುತ್ತದೆ.

ನಮ್ಮಲ್ಲಿ ಯಾವ ದಾರಿಗಳಿವೆ?

- ಎಂ.ಎಸ್ಸಿ. ನರ್ಸಿಂಗ್: ಎರಡು ವರ್ಷ. ಬೋಧನೆಗೆ, ವಿಶೇಷ ವಿಭಾಗಗಳಿಗೆ ಇದು ದಾರಿ.
- ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್: ಭಾರತೀಯ ಶುಶ್ರೂಷಾ ಪರಿಷತ್ತು ರೂಪಿಸಿದ ಎರಡು ವರ್ಷದ ಸ್ನಾತಕೋತ್ತರ ರೆಸಿಡೆನ್ಸಿ. ಐಸಿಯುನಲ್ಲಿ ಕೆಲಸ ಮಾಡುತ್ತಲೇ ಕಲಿಯಬೇಕು. ಡಿಎನ್‌ಪಿಯ ಆಶಯಕ್ಕೆ ನಮ್ಮಲ್ಲಿ ಹತ್ತಿರದ ಕೋರ್ಸ್ ಇದು. ಆದರೆ ಡಾಕ್ಟರೇಟ್ ಅಲ್ಲ.
- ಪಿಎಚ್.ಡಿ.: ನರ್ಸಿಂಗ್ ಪಿಎಚ್.ಡಿ.ಗಾಗಿ ಶುಶ್ರೂಷಾ ಪರಿಷತ್ತು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಜೊತೆ ಸೇರಿ ರಾಷ್ಟ್ರೀಯ ಒಕ್ಕೂಟವೊಂದನ್ನು ಕಟ್ಟಿದೆ. ಕನಿಷ್ಠ ಮೂರು ವರ್ಷ ಹಿಡಿಯುತ್ತದೆ.

'ಡಾ.' ಹಾಕಿಕೊಳ್ಳಬಹುದೇ? ಕ್ಲಿನಿಕ್ ತೆರೆಯಬಹುದೇ?

ಮಾನ್ಯ ವಿಶ್ವವಿದ್ಯಾಲಯದ ಪಿಎಚ್.ಡಿ. ಪಡೆದವರು, ಅದು ಕನ್ನಡದ್ದಿರಲಿ ನರ್ಸಿಂಗ್‌ದಿರಲಿ, ಹೆಸರಿನ ಮುಂದೆ 'ಡಾ.' ಬರೆಯುವುದು ರೂಢಿ. ಆದರೆ ಅದು ಓದಿನ ಗೌರವ. ಚಿಕಿತ್ಸೆ ನೀಡುವ ಪರವಾನಗಿ ಅಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ-2019ರ 34ನೇ ಸೆಕ್ಷನ್ ಪ್ರಕಾರ, ನೋಂದಣಿ ಇಲ್ಲದೆ ವೈದ್ಯವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ₹5 ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು. ಜಾಹೀರಾತು ನಂಬಿ ಬೋರ್ಡ್ ಹಾಕಿದವರೇ ಸಿಕ್ಕಿಬೀಳುತ್ತಾರೆ, ಕೋರ್ಸ್ ಮಾರಿದವರಲ್ಲ.

ಹಾಗಾದರೆ ಊರಿನ ಉಪಕೇಂದ್ರದಲ್ಲಿ ಬಿಪಿ, ಶುಗರ್ ನೋಡಿ ಮಾತ್ರೆ ಕೊಡುವ ಸಮುದಾಯ ಆರೋಗ್ಯ ಅಧಿಕಾರಿಗಳು? ಅವರಲ್ಲಿ ಬಹಳಷ್ಟು ಮಂದಿ ನರ್ಸಿಂಗ್ ಓದಿದವರೇ. ಆದರೆ ಆ ಅಧಿಕಾರ ಬಂದದ್ದು ಡಾಕ್ಟರೇಟ್‌ನಿಂದಲ್ಲ, ಸರ್ಕಾರದ ತರಬೇತಿ, ನೇಮಕ ಮತ್ತು ನಿಯಮಗಳಿಂದ. ಅದೂ ಆ ಮಿತಿಯೊಳಗೆ ಮಾತ್ರ.

ಅಮೆರಿಕದಲ್ಲೂ ಇದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಹಲವು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟೀಷನರ್‌ಗಳು ಸ್ವತಂತ್ರವಾಗಿ ಔಷಧಿ ಬರೆಯಬಹುದು. ಅದು ಆ ರಾಜ್ಯದ ಲೈಸೆನ್ಸ್‌ನಿಂದ ಬರುವ ಹಕ್ಕು. ಹಾಗೆಂದು ಅಲ್ಲೂ 'ಡಾ.' ಎಂದು ಹೇಳಿಕೊಳ್ಳಲು ಎಲ್ಲೆಡೆ ಮುಕ್ತ ಅವಕಾಶವಿಲ್ಲ. ಕ್ಯಾಲಿಫೋರ್ನಿಯಾದ ಕಾನೂನು ಅದಕ್ಕೆ ಮಿತಿ ಹಾಕಿದೆ.

ಅಮೆರಿಕದಲ್ಲಿ ನರ್ಸ್ ಆಗಲು ಡಿಎನ್‌ಪಿ ಬೇಕೇ?

ಬೇಡ. ನೋಂದಾಯಿತ ನರ್ಸ್ ಆಗಲು ಓದಿನ ದಾಖಲೆಗಳ ಪರಿಶೀಲನೆ, ಎನ್‌ಸಿಎಲ್‌ಇಎಕ್ಸ್-ಆರ್‌ಎನ್ ಪರೀಕ್ಷೆ ಮತ್ತು ರಾಜ್ಯದ ಲೈಸೆನ್ಸ್ ಬೇಕು. ಡಿಎನ್‌ಪಿ ನಂತರದ ಮೆಟ್ಟಿಲು.

ಮನೆಯಲ್ಲೇ ಕುಳಿತು ಮಾಡಬಹುದೇ?

ಇಲ್ಲಿ ಅರ್ಧ ಸತ್ಯವಿದೆ. ಅಮೆರಿಕದ ನಿಜವಾದ ಡಿಎನ್‌ಪಿ ಕೋರ್ಸ್‌ಗಳಲ್ಲೂ ಪಾಠಗಳು ಆನ್‌ಲೈನ್ ಇರುತ್ತವೆ. ಆದರೆ ಬಿ.ಎಸ್ಸಿ. ನಂತರ ಕನಿಷ್ಠ 1,000 ಗಂಟೆಗಳ ಪ್ರಾಯೋಗಿಕ ಕೆಲಸ ಮಾಡಿರಬೇಕು ಎಂಬುದು ಅಲ್ಲಿನ ಕಾಲೇಜುಗಳ ಸಂಘ 2006ರಲ್ಲಿ ಹಾಕಿಕೊಟ್ಟ ಮಾನದಂಡ. ರೋಗಿಯ ಹತ್ತಿರ ಹೋಗದೆ, ಕೆಲವೇ ತಿಂಗಳಲ್ಲಿ ಡಿಎನ್‌ಪಿ ಎಂದರೆ ಅನುಮಾನ ಪಡಿ.

ನಮ್ಮಲ್ಲಿ ದೂರಶಿಕ್ಷಣ ಅಥವಾ ಆನ್‌ಲೈನ್ ಪಿಎಚ್.ಡಿ.ಗೆ ಅವಕಾಶವಿಲ್ಲ. ವಿದೇಶಿ ಸಂಸ್ಥೆಗಳ ಜೊತೆ ಸೇರಿ ಎಡ್‌ಟೆಕ್ ಕಂಪನಿಗಳು ಕೊಡುವ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆ ಇಲ್ಲ ಎಂದು ಯುಜಿಸಿ ಮತ್ತು ಎಐಸಿಟಿಇ 2022ರ ಅಕ್ಟೋಬರ್‌ನಲ್ಲಿ ಜಂಟಿಯಾಗಿ ಎಚ್ಚರಿಸಿವೆ. ಇದು ಎಲ್ಲೋ ದೂರದ ಸಮಸ್ಯೆಯಲ್ಲ. ಯುಜಿಸಿಯ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ಗೋಕಾಕದ ವಿಳಾಸವಿರುವ ಸಂಸ್ಥೆಯೊಂದರ ಹೆಸರೂ ಹಲವು ವರ್ಷ ಇತ್ತು.

ಹಣ ಕಟ್ಟುವ ಮುನ್ನ

1. ವಿಶ್ವವಿದ್ಯಾಲಯದ ಹೆಸರನ್ನು ಯುಜಿಸಿ ವೆಬ್‌ಸೈಟ್‌ನಲ್ಲಿ ಹುಡುಕಿ. ನಕಲಿ ಪಟ್ಟಿಯನ್ನೂ ನೋಡಿ.
2. ಕೋರ್ಸ್‌ಗೆ ಮಾನ್ಯತೆ ಇದೆಯೇ ಎಂದು ಭಾರತೀಯ ಶುಶ್ರೂಷಾ ಪರಿಷತ್ತು ಅಥವಾ ಕರ್ನಾಟಕದ ಶುಶ್ರೂಷಾ ಪರಿಷತ್ತಿಗೆ ಬರೆದು ಕೇಳಿ.
3. ಅಮೆರಿಕದ ಕೋರ್ಸ್ ಆದರೆ ಸಿಸಿಎನ್‌ಇ ಅಥವಾ ಎಸಿಇಎನ್ ಮಾನ್ಯತೆ ಇದೆಯೇ ನೋಡಿ.
4. ಪ್ರಾಯೋಗಿಕ ತರಬೇತಿ ಯಾವ ಆಸ್ಪತ್ರೆಯಲ್ಲಿ, ಎಷ್ಟು ಗಂಟೆ ಎಂದು ಕೇಳಿ. ಉತ್ತರ ಬರವಣಿಗೆಯಲ್ಲಿ ಇರಲಿ.
5. 'ಇಂದೇ ಕಟ್ಟಿದರೆ ರಿಯಾಯಿತಿ' ಎಂದರೆ ಅಂದು ಕಟ್ಟಬೇಡಿ.

ನಮ್ಮ ತೀರ್ಮಾನ

ಡಿಎನ್‌ಪಿ ಇದೆ ಎಂಬುದು ನಿಜ. ಅದರಿಂದ ಡಾಕ್ಟರ್ ಆಗಿ ಊರಲ್ಲಿ ಕ್ಲಿನಿಕ್ ತೆರೆಯಬಹುದು ಎಂಬುದು ಸುಳ್ಳು. ಬೆಳಗಾವಿಯ ಹಳ್ಳಿಗಳಲ್ಲಿ ಆ ಮಾತ್ರೆ ಕೊಟ್ಟು ಲೆಕ್ಕ ಇಟ್ಟ ನರ್ಸಬಾಯಿಯರ ಹೆಸರಿನ ಮುಂದೆ 'ಡಾ.' ಇರಲಿಲ್ಲ. ಆದರೂ ಅವರ ಕೆಲಸ ಜಗತ್ತಿಗೇ ಉಪಯೋಗಕ್ಕೆ ಬಂತು. ಮುಂದೆ ಓದುವ ಆಸೆ ಇದ್ದರೆ ಖಂಡಿತ ಓದಿ, ಮಾನ್ಯತೆ ಇರುವ ಕಡೆ. ನಿಮ್ಮ ಗುಂಪಿಗೆ ಅಂಥ ಜಾಹೀರಾತು ಬಂದರೆ ಅದರ ಕೆಳಗೆ ಇದನ್ನೂ ಹಾಕಿ.