ಅಂಚೆಯಲ್ಲಿ ಬಂದ ಡ್ರಾಯಿಂಗ್ ಮೇಷ್ಟ್ರು



ಡ್ರಾಯಿಂಗ್ ಮೇಷ್ಟ್ರು ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಯಾರು ಬರುತ್ತಾರೆ? ಕಪ್ಪು ಹಲಗೆಯ ಮೇಲೆ ಹೂಜಿಯ ಅರ್ಧ ಭಾಗ ಬರೆದು, "ಇನ್ನರ್ಧ ನೀವು ಬರೀರಿ" ಎಂದು ಬೆಂಚುಗಳ ನಡುವೆ ಸುತ್ತುತ್ತಿದ್ದವರು. ನಿಮ್ಮ ಹಿಂದೆ ಬಂದು ನಿಂತು, ನಿಮ್ಮ ಪೆನ್ಸಿಲನ್ನೇ ತೆಗೆದುಕೊಂಡು ಒಂದು ಗೆರೆ ತಿದ್ದಿ ಮುಂದೆ ಹೋಗುತ್ತಿದ್ದವರು. ಆ ಒಂದು ಗೆರೆಯಲ್ಲೇ ಪಾಠವಿತ್ತು ಅಲ್ಲವೇ?

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ತಮಿಳುನಾಡಿನಲ್ಲಿ ಒಂದರಿಂದ ಎಂಟನೆಯ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ನವೆಂಬರ್ 1ರಂದು. ಅಷ್ಟು ದಿನ ಪಾಠವೆಲ್ಲ ಫೋನಿನಲ್ಲಿ, ಟಿವಿಯಲ್ಲಿ. ಆಗ ಎಲ್ಲರೂ ಕೇಳಿದ್ದು ಒಂದೇ ಮಾತು: ಲೆಕ್ಕವನ್ನಾದರೂ ಹೇಗೋ ಕಲಿಸಬಹುದು, ಮನೆಯಲ್ಲಿ ಕೂತು ಚಿತ್ರ ಕಲಿಸುವುದು ಹೇಗೆ?

ಈ ಪ್ರಶ್ನೆ ಹೊಸದೇನಲ್ಲ. ಇದಕ್ಕೆ ದಶಕಗಳ ಹಿಂದೆಯೇ ಉತ್ತರ ಹುಡುಕಿದವರಲ್ಲಿ ನಮ್ಮ ಚೆನ್ನೈಯಲ್ಲೇ ಹೆಸರು ಮಾಡಿದ ಒಬ್ಬ ಕನ್ನಡಿಗರೂ ಇದ್ದಾರೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯರು ಮದ್ರಾಸಿನಲ್ಲಿ ಕಲಾಶಾಲೆಯೊಂದನ್ನು ತೆರೆದರು. ಇಂದಿನ ಸರ್ಕಾರಿ ಲಲಿತಕಲಾ ಕಾಲೇಜು ಅದೇ. ಮರೀನಾ ಬೀಚಿನಲ್ಲಿ ಬಂಡೆ ಸರಿಸುತ್ತಿರುವ ಕಾರ್ಮಿಕರ ಪ್ರತಿಮೆ ನೋಡಿದ್ದೀರಲ್ಲ, ಅದನ್ನು ಮಾಡಿದ ದೇವಿಪ್ರಸಾದ್ ರಾಯ್ ಚೌಧುರಿ ಅವರು ಈ ಶಾಲೆಯ ಮುಖ್ಯಸ್ಥರಾಗಿದ್ದವರು. ಆದರೆ ಅಲ್ಲಿ ಕಲಿಯಬೇಕಾದರೆ ಮದ್ರಾಸಿಗೆ ಬರಬೇಕು, ಉಳಿಯಲು ಜಾಗ ಬೇಕು, ಊಟಕ್ಕೆ ದಾರಿ ಬೇಕು. ರಾಯಚೂರಿನ ಹಳ್ಳಿಯ ಹುಡುಗನಿಗೋ ತೀರ್ಥಹಳ್ಳಿಯ ಹುಡುಗಿಗೋ ಅದು ದೂರದ ಮಾತು.

ಅಂಥ ಮಕ್ಕಳ ಮನೆಗೆ ಮದ್ರಾಸಿನಿಂದ ಚಿತ್ರಶಾಲೆ ಹೋಗಿದ್ದು ಬೇರೆ ವೇಷದಲ್ಲಿ. ಬಿ. ನಾಗಿ ರೆಡ್ಡಿ ಮತ್ತು ಚಕ್ರಪಾಣಿ 1947ರಲ್ಲಿ ಇಲ್ಲಿ 'ಚಂದಮಾಮ' ಪ್ರಾರಂಭಿಸಿದರು. ಮೊದಲು ತೆಲುಗು, ತಮಿಳು, 1949ರಲ್ಲಿ ಕನ್ನಡ. ವಡಪಳನಿಯ ಪ್ರೆಸ್ಸಿನಿಂದ ಹೊರಟ ಆ ಪತ್ರಿಕೆಯಲ್ಲಿ ಕಥೆಯ ಭಾಷೆ ಬದಲಾಗುತ್ತಿತ್ತು, ಚಿತ್ರ ಮಾತ್ರ ಅದೇ. ಚಿತ್ರಾ, ಶಂಕರ್, ವಡ್ಡಾದಿ ಪಾಪಯ್ಯ ಇವರೆಲ್ಲ ಅಲ್ಲಿ ಬರೆದವರು. ಅವರ ಸಾಲಿನಲ್ಲೇ ನಮ್ಮ ಎಂ.ಟಿ.ವಿ. ಆಚಾರ್ಯ. ಮಹಾಭಾರತದ ಪ್ರಸಂಗಗಳನ್ನು ಚಂದಮಾಮದ ಮುಖಪುಟಕ್ಕೆ ತಂದವರು ಅವರು. ನಿಮ್ಮಲ್ಲಿ ಎಷ್ಟು ಜನ ಆ ಭೀಮನ ತೋಳನ್ನು ಚೌಕಗಳನ್ನೆಳೆದು ನಕಲು ಮಾಡಿಲ್ಲ, ಹೇಳಿ?

ಆದರೆ ನಕಲು ಮಾಡುವವನಿಗೆ ತಾನು ತಪ್ಪಿದ್ದೆಲ್ಲಿ ಎಂದು ತಿಳಿಯುವುದಿಲ್ಲ. ತೋಳು ಉದ್ದವಾಯಿತೆಂದು ಹೇಳಲು ಪತ್ರಿಕೆಗೆ ಬಾಯಿಲ್ಲ. ಆ ಕೊರತೆಯನ್ನು ತುಂಬುವ ಕೆಲಸಕ್ಕೂ ಆಚಾರ್ಯರೇ ಕೈಹಾಕಿದರು. ಮದ್ರಾಸು ಬಿಟ್ಟು ಕನ್ನಡ ನಾಡಿಗೆ ಮರಳಿದ ಮೇಲೆ 'ಆಚಾರ್ಯ ಚಿತ್ರಕಲಾ ಭವನ' ಎಂಬ ಹೆಸರಿನಲ್ಲಿ ಅಂಚೆಯ ಮೂಲಕ ಚಿತ್ರಕಲೆ ಕಲಿಸತೊಡಗಿದರು. ಮುಖಪುಟದ ಮೂಲಕ ಮನೆಮನೆಗೆ ಪರಿಚಯವಾಗಿದ್ದ ಕಲಾವಿದ ಈಗ ಮೇಷ್ಟ್ರಾಗಿ ಬಂದರು.

ಅಂಚೆಯಲ್ಲಿ ಚಿತ್ರ ಕಲಿಸುವ ಪದ್ಧತಿ ಬೇರೆ ದೇಶಗಳಲ್ಲೂ ಇತ್ತು. ಲಂಡನ್ನಿನಲ್ಲಿ ಪರ್ಸಿ ಬ್ರಾಡ್‌ಶಾ 1905ರಲ್ಲೇ ಇಂಥ ಶಾಲೆ ತೆರೆದಿದ್ದರು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದ ಇನ್ನೊಂದು ಶಾಲೆಯ ಕಥೆ ಸ್ವಾರಸ್ಯದ್ದು. 'ಪೀನಟ್ಸ್' ಕಾರ್ಟೂನಿನ ಚಾರ್ಲ್ಸ್ ಶುಲ್ಜ್ ಅಲ್ಲಿನ ವಿದ್ಯಾರ್ಥಿ. ಅವರ ಮನೆ ಪಕ್ಕದ ಸೇಂಟ್ ಪಾಲ್ ನಗರದಲ್ಲೇ. ಆದರೂ ಪಾಠವನ್ನು ಅಂಚೆಯಲ್ಲೇ ಕಳಿಸುತ್ತಿದ್ದರು! ಮಕ್ಕಳನ್ನು ಬರೆಯುವ ಪಾಠದಲ್ಲಿ ಅವರಿಗೆ ಸಿಕ್ಕಿದ್ದು ಬರೀ 'ಸಿ ಪ್ಲಸ್'. ಮುಂದೆ ಮಕ್ಕಳ ಚಿತ್ರದಿಂದಲೇ ಜಗತ್ತಿಗೆ ಹೆಸರಾದರು. ಮಹಾಯುದ್ಧ ಮುಗಿದ ಮೇಲೆ ಅದೇ ಶಾಲೆಯಲ್ಲಿ ಬೇರೆಯವರ ಪಾಠ ತಿದ್ದುವ ಕೆಲಸವನ್ನೂ ಮಾಡಿದರು.

ಇಂಥ ಶಾಲೆಗಳು ನಡೆಯುತ್ತಿದ್ದ ಕ್ರಮ ಸರಳ. ಅಚ್ಚಾದ ಪಾಠ ಬರುತ್ತದೆ. ವಿದ್ಯಾರ್ಥಿ ಅಭ್ಯಾಸದ ಚಿತ್ರ ಬರೆದು ಕಳಿಸುತ್ತಾನೆ. ಮೇಷ್ಟ್ರು ಅದನ್ನು ತಿದ್ದಿ, ನಾಲ್ಕು ಸಾಲು ಬರೆದು ವಾಪಸು ಕಳಿಸುತ್ತಾರೆ. ಕೆಲವು ಶಾಲೆಗಳಲ್ಲಿ ಮೂಲ ಚಿತ್ರದ ಮೇಲೆ ತೆಳುವಾದ ಟ್ರೇಸಿಂಗ್ ಕಾಗದ ಇಟ್ಟು ಅದರ ಮೇಲೆ ಸರಿಯಾದ ಗೆರೆ ಹಾಕುತ್ತಿದ್ದರು. ಕಾಗದ ಎತ್ತಿದರೆ ತನ್ನ ಗೆರೆ, ಇಳಿಸಿದರೆ ಮೇಷ್ಟ್ರ ಗೆರೆ. ಎರಡನ್ನೂ ಹೋಲಿಸಿ ನೋಡುತ್ತಾ ಕಲಿಯುವುದು. ಉತ್ತರ ಬರುವ ಹೊತ್ತಿಗೆ ದಿನಗಳು ಕಳೆಯುತ್ತಿದ್ದವು, ನಿಜ. ಆದರೆ ಆ ಮೇಷ್ಟ್ರು ನೋಡುತ್ತಿದ್ದದ್ದು ಮುಖವನ್ನಲ್ಲ, ಹಾಜರಿಯನ್ನಲ್ಲ, ಕೈ ಎಳೆದ ಗೆರೆಯನ್ನು.

ಆಮೇಲೆ ಟಿವಿ ಬಂತು. 1975ರ ಆಗಸ್ಟ್ 1ರಿಂದ ಒಂದು ವರ್ಷ 'ಸೈಟ್' ಎಂಬ ಉಪಗ್ರಹ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ಹೋಯಿತು. ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಅದೇ ಆಗಸ್ಟ್ 15ರಂದು ಮದ್ರಾಸ್ ದೂರದರ್ಶನ ಪ್ರಾರಂಭವಾಯಿತು. ತಮಿಳುನಾಡಿನ ಶಾಲಾ ಮಕ್ಕಳಿಗಾಗಿಯೇ 'ಕಲ್ವಿ ಟಿವಿ' ಬಂದದ್ದು 2019ರಲ್ಲಿ. ಮರುವರ್ಷವೇ ಅದು ಕೆಲಸಕ್ಕೆ ಬಂತು. ಇವುಗಳಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಪರದೆಯ ಮೇಲೆ ಮಗುವಿಗೆ ಮೇಷ್ಟ್ರ ಕೈ ಕಾಣುತ್ತದೆ, ಮೇಷ್ಟ್ರಿಗೆ ಮಗುವಿನ ಕೈ ಕಾಣುವುದಿಲ್ಲ. ಬಾನುಲಿಯವರಾದ ನಾವೂ ಇದನ್ನು ಒಪ್ಪಿಕೊಳ್ಳಬೇಕು: ನಾವು ಹೇಳುತ್ತೇವೆ, ನೀವು ಕೇಳುತ್ತೀರಿ, ನೀವು ಬರೆದರೆ ಮಾತ್ರ ನಮಗೆ ತಿಳಿಯುತ್ತದೆ.

2020ರಲ್ಲಿ ಫೋನು ಈ ಕೊರತೆ ನೀಗಿಸಬಹುದಿತ್ತು. ಕ್ಷಣದಲ್ಲಿ ಚಿತ್ರ ಹೋಗುತ್ತದೆ, ಕ್ಷಣದಲ್ಲಿ ಉತ್ತರ ಬರುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಫೋನು, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ಫೋನು ಸಿಕ್ಕ ಮನೆಗಳಲ್ಲೂ ಕ್ಯಾಮೆರಾ ತಿರುಗಿದ್ದು ಮಗುವಿನ ಮುಖದ ಕಡೆಗೆ, ಕಾಗದದ ಕಡೆಗಲ್ಲ. ಬರೆದದ್ದನ್ನು ಕಳಿಸಿದರೆ ಉತ್ತರವಾಗಿ ಒಂದು ಹೆಬ್ಬೆರಳಿನ ಗುರುತು. ಚೆನ್ನಾಗಿದೆ ಎಂದರೇನೋ ಸಂತೋಷವೇ. ಹೂಜಿಯ ಕುತ್ತಿಗೆ ಯಾಕೆ ವಾಲಿತು ಎಂಬುದು ಮಾತ್ರ ಮಗುವಿಗೆ ತಿಳಿಯಲಿಲ್ಲ.

ಇಂದಿಗೂ ಮನೆಯಲ್ಲಿ ಕೂತೇ ಮಕ್ಕಳಿಗೆ ಚಿತ್ರ ಹೇಳಿಕೊಡುವವರು ಇದ್ದಾರೆ. ನಿಮ್ಮ ಮೊಮ್ಮಗಳೂ ಹಾಗೆ ಕಲಿಯುತ್ತಿರಬಹುದು, ಅಥವಾ ನೀವೇ ಕಲಿಸುತ್ತಿರಬಹುದು. ಹಳೆಯ ಅಂಚೆ ಮೇಷ್ಟ್ರುಗಳಿಂದ ಎರಡು ವಿಷಯ ತೆಗೆದುಕೊಳ್ಳಿ. ಒಂದು, ಕ್ಯಾಮೆರಾವನ್ನು ಕಾಗದದ ಕಡೆ ತಿರುಗಿಸಿ. ಇನ್ನೊಂದು, ಮಗುವಿನ ಗೆರೆಯನ್ನು ಅಳಿಸಬೇಡಿ, ಅದರ ಪಕ್ಕದಲ್ಲಿ ನಿಮ್ಮ ಗೆರೆ ಹಾಕಿ ತೋರಿಸಿ. ದಿನಕ್ಕೊಂದು ತಿದ್ದುಪಡಿ ಸಾಕು.

ಕನ್ನಡ ಚಂದಮಾಮದ ಮುದ್ರಣ ಈಗ ನಿಂತಿದೆ. ಆಚಾರ್ಯರ ಅಂಚೆ ಪಾಠಗಳು ಯಾರ ಮನೆಯ ಟ್ರಂಕಿನಲ್ಲಿವೆಯೋ. ನಿಮ್ಮಲ್ಲಿ ಒಂದಾದರೂ ಉಳಿದಿದ್ದರೆ ರದ್ದಿಗೆ ಹಾಕಬೇಡಿ. ಅದರಲ್ಲಿ ಮೇಷ್ಟ್ರು ತಿದ್ದಿದ ಗೆರೆಯೇನಾದರೂ ಇದ್ದರೆ, ಅದು ಯಾವ ಚಿತ್ರ, ಅವರು ಏನು ತಿದ್ದಿದ್ದರು ಎಂದು ನಮಗೊಂದು ಕಾರ್ಡು ಬರೆಯಿರಿ.